ನಾಯಿ ಜತೆಗಿದ್ದರೆ ಬಂಡೀಪುರದ ದಾರಿ

ಡಿಕ್ಕಿಯಲ್ಲಿ ಟೆಂಟು, ಹಿಂದಿನ ಸೀಟಿನಲ್ಲಿ ನಾಯಿ, ಒಬ್ಬರೇ ಗುಂಡ್ಲುಪೇಟೆ ಕಡೆ ಹೊರಟಿದ್ದೀರಾ? ಹೊರಡಿ, ಜುಲೈ ಹೊತ್ತಿಗೆ ರಸ್ತೆಬದಿಯ ಸೂರ್ಯಕಾಂತಿ ಹೊಲಗಳೇ ಸಾಕು ಕಣ್ಣಿಗೆ. ಆದರೆ ಟೆಂಟು ಕಾಡಿನಲ್ಲಲ್ಲ. ಬಂಡೀಪುರ ಹುಲಿ ರಕ್ಷಿತಾರಣ್ಯ. ಅಲ್ಲಿ ಬಿಡಾರ ಹೂಡುವಂತಿಲ್ಲ. ಕಾಡು ಹಾಯುವ ಊಟಿ, ವಯನಾಡು ರಸ್ತೆಗಳೆರಡರಲ್ಲೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನ ಬಿಡುವುದಿಲ್ಲ.

ನಾಯಿಗೆ ಅವಸರವಾಯಿತೆಂದು ಕಾಡಿನ ನಡುವೆ ಗಾಡಿ ನಿಲ್ಲಿಸಲೇಬೇಡಿ. ಆನೆ ಕಂಡರೆ ನಾಯಿ ಮೊದಲು ಬೊಗಳಿ ರೇಗಿಸುತ್ತದೆ, ಆಮೇಲೆ ಬಾಲ ಮುದುರಿಕೊಂಡು ನಿಮ್ಮ ಕಾಲಬುಡಕ್ಕೇ ಓಡಿ ಬರುತ್ತದೆ, ಆನೆಯನ್ನೂ ಬೆನ್ನಿಗೆ ಕಟ್ಟಿಕೊಂಡು. ಗುಂಡ್ಲುಪೇಟೆಯಲ್ಲೇ ಇಳಿಸಿ, ಅಡ್ಡಾಡಿಸಿ, ನೀರು ಕುಡಿಸಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಈ ಸಲ ಬಿಟ್ಟುಬಿಡಿ. ಸ್ವಂತ ವಾಹನ ಬುಡದಲ್ಲೇ ನಿಲ್ಲಬೇಕು, ಮೇಲಕ್ಕೆ ಸಾರಿಗೆ ಬಸ್ಸು. ಮುಚ್ಚಿದ ಕಾರಿನಲ್ಲಿ ನಾಯಿಯನ್ನು ಬೇಯಲು ಬಿಟ್ಟು ಮಾಡುವ ದರ್ಶನ ಯಾವ ದೇವರಿಗೂ ಬೇಡ.

ರಾತ್ರಿಗೆ ನಾಯಿಯನ್ನು ಒಪ್ಪುವ ಹೋಂಸ್ಟೇಯನ್ನು ಮೊದಲೇ ಫೋನ್ ಮಾಡಿ ಗೊತ್ತು ಮಾಡಿಕೊಳ್ಳಿ. ಅವರಂಗಳದಲ್ಲಿ ಟೆಂಟು ಹಾಕುವ ಆಸೆಯಿದ್ದರೆ ಹಾಕಿ, ನಾಯಿ ಮಾತ್ರ ಮನೆಯೊಳಗೆ ಮಲಗಲಿ. ಚಾಮರಾಜನಗರ ಸೀಮೆಯ ಚಿರತೆಗಳು ಊರೊಳಗೆ ನುಗ್ಗುವುದೇ ಎಷ್ಟೋ ಸಲ ನಾಯಿಗಾಗಿ. ರೇಬಿಸ್ ಚುಚ್ಚುಮದ್ದಿನ ಚೀಟಿ ಜತೆಗಿರಲಿ. ಮನೆಗೆ ಮರಳಿದ ಮೇಲೆ ನಾಯಿಯ ಕಿವಿ, ಬೆರಳ ಸಂದುಗಳಲ್ಲಿ ಉಣ್ಣಿ ಹುಡುಕಿ ತೆಗೆಯಿರಿ.