ಅಕ್ಷಿಪಟಲದ ಅಡಿಯಲ್ಲಿ ಗಾಯದ ಕಲೆ

ವಯಸ್ಸಾದವರ ದೃಷ್ಟಿ ಮಂದವಾದರೆ ಕಣ್ಣಿಗೆ ಪೊರೆ ಬಂದಿದೆಯೆಂದೇ ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ಪೊರೆ ಬಲಿಯಲಿ, ಆಮೇಲೆ ಶಸ್ತ್ರಚಿಕಿತ್ಸೆ ಮಾಡಿಸೋಣವೆಂದು ತಿಂಗಳುಗಟ್ಟಲೆ ಕಾಯುವುದೂ ಉಂಟು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಿಂದಲೂ, ಡಾ. ಎಂ. ಸಿ. ಮೋದಿಯವರಂತಹ ವೈದ್ಯರು ನಡೆಸಿದ ನೇತ್ರ ಶಿಬಿರಗಳಿಂದಲೂ ಪೊರೆಯ ವಿಷಯ ಜನರಿಗೆ ಪರಿಚಿತವಾಗಿದೆ. ಆದರೆ ಕಣ್ಣಿನ ಹಿಂಭಾಗದಲ್ಲಿ, ರೆಟಿನಾ ಎಂದು ಕರೆಯಲಾಗುವ ಅಕ್ಷಿಪಟಲದ ಅಡಿಯಲ್ಲಿ ಉಂಟಾಗುವ ಗಾಯದ ಕಲೆಯನ್ನು ಕುರಿತ ತಿಳಿವಳಿಕೆ ಕಡಿಮೆ. ಪೊರೆಯಿಂದ ಮಂದವಾದ ದೃಷ್ಟಿ ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಮರಳುತ್ತದೆ. ಈ ಕಲೆಯಿಂದ ನಷ್ಟವಾದ ದೃಷ್ಟಿಯನ್ನು ಮರಳಿ ತರುವ ಚಿಕಿತ್ಸೆ ಇನ್ನೂ ಲಭ್ಯವಿಲ್ಲ.

ಅಕ್ಷಿಪಟಲದ ಆಧಾರ

ಅಕ್ಷಿಪಟಲವು ಕಣ್ಣಿನ ಒಳಗೋಡೆಯನ್ನು ಆವರಿಸಿದ ತೆಳುವಾದ ನರಪದರ. ಬೆಳಕನ್ನು ಗ್ರಹಿಸುವ ಜೀವಕೋಶಗಳು ಇದರಲ್ಲಿವೆ. ಇವುಗಳ ಹಿಂದೆ ವರ್ಣಕ ಕೋಶಗಳು ಒಂದೇ ಸಾಲಿನಲ್ಲಿ, ನೆಲಕ್ಕೆ ಹಾಸಿದ ಕಲ್ಲುಗಳಂತೆ ಒತ್ತಾಗಿ ಜೋಡಣೆಗೊಂಡಿವೆ. ಹಿಂಬದಿಯ ರಕ್ತನಾಳಗಳಿಂದ ಆಹಾರಾಂಶವನ್ನು ಪಡೆದು ಒದಗಿಸುವುದು, ಬೆಳಕಿನ ಕೋಶಗಳು ದಿನವೂ ಕಳಚುವ ತುದಿಗಳನ್ನು ನುಂಗಿ ಶುಚಿಗೊಳಿಸುವುದು ವರ್ಣಕ ಕೋಶಗಳ ಕೆಲಸ. ಈ ಸಾಲಿಗೂ ರಕ್ತನಾಳಗಳಿಗೂ ನಡುವೆ ಬ್ರೂಖ್ ಪಟಲವೆಂಬ ತೆಳುವಾದ ತಡೆಯಿದೆ.

ಕಲೆ ಉಂಟಾಗುವ ಬಗೆ

ವಯಸ್ಸಾದಂತೆ ಕೆಲವರಲ್ಲಿ ಈ ತಡೆಯ ಮೇಲೆ ಕಶ್ಮಲ ಶೇಖರವಾಗಿ ಅದು ಶಿಥಿಲವಾಗುತ್ತದೆ. ಆಗ ರಕ್ತನಾಳಗಳ ಬೆಳವಣಿಗೆಯನ್ನು ಪ್ರಚೋದಿಸುವ ವಿ.ಇ.ಜಿ.ಎಫ್. ಎಂಬ ಪ್ರೋಟೀನು ಹೆಚ್ಚಿ, ಹೊಸ ನಾಳಗಳು ತಡೆಯನ್ನು ಭೇದಿಸಿ ಅಕ್ಷಿಪಟಲದ ಅಡಿಗೆ ನುಗ್ಗುತ್ತವೆ. ಅವುಗಳ ಗೋಡೆ ದುರ್ಬಲವಾದುದರಿಂದ ದ್ರವವೂ ರಕ್ತವೂ ಸೋರುತ್ತವೆ.

ದೇಹವು ಇದನ್ನು ಗಾಯವೆಂದೇ ಪರಿಗಣಿಸುತ್ತದೆ. ರಕ್ಷಕ ಕೋಶಗಳು ಅಲ್ಲಿ ಸೇರಿ, ಟಿ.ಜಿ.ಎಫ್.-ಬೀಟಾ ಮೊದಲಾದ ಸಂದೇಶವಾಹಕ ಪ್ರೋಟೀನುಗಳು ಬಿಡುಗಡೆಯಾಗುತ್ತವೆ. ಈ ಸಂದೇಶದಿಂದ ಕೆಲವು ವರ್ಣಕ ಕೋಶಗಳು ಪರಸ್ಪರ ಬಂಧವನ್ನು ಕಳಚಿಕೊಂಡು, ಕದಿರಿನಂತೆ ನೀಳವಾಗಿ ಸಂಚರಿಸತೊಡಗುತ್ತವೆ. ಕ್ರಮೇಣ ಅವು, ಇತರ ಕೆಲವು ಕೋಶಗಳೊಡನೆ, ಸ್ನಾಯುವಿನಂತೆ ಸಂಕುಚಿಸುವ ಮಯೋಫೈಬ್ರೊಬ್ಲಾಸ್ಟ್ ಕೋಶಗಳಾಗಿ ಮಾರ್ಪಡುತ್ತವೆ. ಗಾಯ ಮಾಯುವಾಗ ಇಂತಹ ಕೋಶಗಳಿರುವುದನ್ನು ಗಬ್ಬಿಯಾನಿ ಮತ್ತು ಸಂಗಡಿಗರು 1971ರಲ್ಲಿ ವಿವರಿಸಿದರು. ಇವು ಕೊಲಾಜೆನ್ ನಾರುಗಳನ್ನು ಸ್ರವಿಸಿ ಗಾಯವನ್ನು ಬಿಗಿಯುತ್ತವೆ.

ಚರ್ಮದ ಮೇಲಾದರೆ ಇದು ಉಪಕಾರವೇ ಸರಿ. ಸುಟ್ಟ ಕೈಯ ಮೇಲೆ ಕಲೆ ಉಳಿದರೂ ಕೈ ಕೆಲಸ ಮಾಡುತ್ತದೆ. ಕಣ್ಣಿನಲ್ಲಿ ಅದೇ ನಾರುಗಳು ಬೆಳಕಿನ ಕೋಶಗಳನ್ನು ಅವುಗಳ ಪೋಷಣೆಯಿಂದ ಬೇರ್ಪಡಿಸುತ್ತವೆ. ಮನುಷ್ಯನಲ್ಲಿ ಸತ್ತ ಬೆಳಕಿನ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಅಂಚಿನ ದೃಷ್ಟಿ ಉಳಿದಿದ್ದರೂ ಎದುರಿಗೆ ನಿಂತ ಮೊಮ್ಮಗುವಿನ ಮುಖ ಕಾಣದಂತಾಗುತ್ತದೆ.

ಚಿಕಿತ್ಸೆ ಮತ್ತು ಅದರ ಮಿತಿ

ವಿ.ಇ.ಜಿ.ಎಫ್. ಪ್ರೋಟೀನನ್ನು ತಡೆಯುವ ಔಷಧಿಯನ್ನು ಕಣ್ಣಿನೊಳಗೆ ಚುಚ್ಚುಮದ್ದಾಗಿ ನೀಡುವುದು ಈಗಿನ ಮುಖ್ಯ ಚಿಕಿತ್ಸೆ. ಇದು ಸೋರಿಕೆಯನ್ನು ತಗ್ಗಿಸುತ್ತದೆಯೇ ಹೊರತು, ಬಲಿತ ಕಲೆಯನ್ನು ಕರಗಿಸುವುದಿಲ್ಲ. ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲು ಕಲೆಯಿಲ್ಲದಿದ್ದ ಕಣ್ಣುಗಳ ಪೈಕಿ ಶೇಕಡಾ 45ರಷ್ಟರಲ್ಲಿ, ಚಿಕಿತ್ಸೆ ನಡೆಯುತ್ತಿದ್ದರೂ, ಎರಡು ವರ್ಷಗಳೊಳಗೆ ಕಲೆ ಕಂಡುಬಂದಿತು. ಆದುದರಿಂದ ನಾರು ಬಲಿಯುವ ಮುನ್ನವೇ ಚಿಕಿತ್ಸೆ ಆರಂಭವಾಗಬೇಕು.

ನೆನಪಿಡಬೇಕಾದ ಅಂಶಗಳು

1. ವಾರಕ್ಕೊಮ್ಮೆ ಒಂದು ಕಣ್ಣನ್ನು ಮುಚ್ಚಿ, ಇನ್ನೊಂದರಿಂದ ಕಿಟಕಿಯ ಸರಳುಗಳನ್ನು ನೋಡಿರಿ. ಅನಂತರ ಕಣ್ಣು ಬದಲಿಸಿರಿ. ಎರಡೂ ಕಣ್ಣು ತೆರೆದಿದ್ದರೆ ಒಂದರ ದೋಷ ಮರೆಯಾಗುತ್ತದೆ.

2. ನೇರವಾದ ಗೆರೆ ಡೊಂಕಾಗಿ ಕಂಡರೆ, ಅಥವಾ ನೋಟದ ನಡುವೆ ಕಪ್ಪು ಮಚ್ಚೆ ಕಂಡರೆ, ಪೊರೆಯೆಂದು ಕಾಯಬಾರದು. ಕೂಡಲೇ ನೇತ್ರತಜ್ಞರನ್ನು ಕಾಣಬೇಕು. ಬೆಂಗಳೂರಿನ ಮಿಂಟೋ ಆಸ್ಪತ್ರೆಯಂತಹ ಸರ್ಕಾರಿ ನೇತ್ರ ಆಸ್ಪತ್ರೆಗಳಿಗೂ ಹೋಗಬಹುದು.

3. ವೈದ್ಯರು ಗೊತ್ತುಪಡಿಸಿದ ದಿನದ ಚುಚ್ಚುಮದ್ದನ್ನು, ದೃಷ್ಟಿ ಸುಧಾರಿಸಿತೆಂದು ತಪ್ಪಿಸಬಾರದು.

4. ಧೂಮಪಾನವನ್ನು ತ್ಯಜಿಸಬೇಕು; ಅದು ಈ ರೋಗದ ಅಪಾಯವನ್ನು ಹೆಚ್ಚಿಸುತ್ತದೆ.

ಮನೆಯ ಹಿರಿಯರು ಗೆರೆಗಳು ಡೊಂಕಾಗಿ ಕಾಣುತ್ತಿವೆಯೆಂದು ಹೇಳಿದಾಗ, ಅದನ್ನು ವಯಸ್ಸಿನ ದೋಷವೆಂದು ಕಡೆಗಣಿಸದೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವುದು ಮನೆಯವರ ಕರ್ತವ್ಯ.