ಹಳೆಯ ಪಿಕಪ್ ವಾಹನದ ಎಳೆತ ತಗ್ಗಿದಾಗ: ಪರೀಕ್ಷೆಯ ಕ್ರಮ ಮತ್ತು ಖರ್ಚಿನ ಲೆಕ್ಕ

ಸ್ವಂತ ಸರಕನ್ನು ಸ್ವಂತ ವಾಹನದಲ್ಲೇ ಸಾಗಿಸುವ ವರ್ತಕರ ಹಾಗೂ ಸಣ್ಣ ಉದ್ಯಮಿಗಳ ಅಂಗಳದಲ್ಲಿ ಹತ್ತು ಹದಿನೈದು ವರ್ಷ ದುಡಿದ ಡೀಸೆಲ್ ಪಿಕಪ್ ವಾಹನವೊಂದು ಇದ್ದೇ ಇರುತ್ತದೆ. ಅದು ಟಾಟಾ 207 ಆಗಿರಲಿ, ಮಹೀಂದ್ರ ಪಿಕಪ್ ಆಗಿರಲಿ, ಚಾಲಕನಿಂದ ಬರುವ ದೂರು ಸಾಮಾನ್ಯವಾಗಿ ಎರಡು ಬಗೆಯದು. ನಿಂತಲ್ಲಿ ಇಂಜಿನ್ ಸಮನಾಗಿ ಓಡದೆ ನಡುಗುತ್ತದೆ. ಭಾರ ಹೇರಿ ಏರು ಹತ್ತಿಸಿದರೆ ಎಳೆಯುವುದಿಲ್ಲ. ಗ್ಯಾರೇಜಿನ ಭಾಷೆಯಲ್ಲಿ ಮೊದಲನೆಯದು ‘ಮಿಸ್ಸಿಂಗ್’, ಎರಡನೆಯದು ‘ಪಿಕಪ್ ಇಲ್ಲ’. ಪಿಕಪ್ ವಾಹನಕ್ಕೇ ಪಿಕಪ್ ಇಲ್ಲವೆಂಬ ಮಾತು ನಗೆ ತರಿಸಿದರೂ ಅದರ ಹಿಂದಿನ ಖರ್ಚು ನಗುವಂತಹದಲ್ಲ.

ಮಾಲೀಕರು ಇಂತಹ ಸಂದರ್ಭದಲ್ಲಿ ಎರಡು ಆತುರದ ತೀರ್ಮಾನಗಳಿಗೆ ಬರುವುದುಂಟು. ಒಂದು, “ಇಂಜಿನ್ ಇಳಿಸಿ ಬೋರ್ ಮಾಡಿಸಬೇಕು” ಎಂಬ ಸಲಹೆಗೆ ತಕ್ಷಣ ಒಪ್ಪುವುದು. ಇನ್ನೊಂದು, ಮೈಲೇಜ್ ಇಳಿದಿದ್ದನ್ನು ಕಂಡು ಚಾಲಕ ಡೀಸೆಲ್ ಕದಿಯುತ್ತಿದ್ದಾನೆಂದು ಸಂಶಯಪಡುವುದು. ತಿಂಗಳಿಗೆ 2,000 ಕಿ.ಮೀ. ಓಡುವ ವಾಹನವು ಲೀಟರಿಗೆ 12 ಕಿ.ಮೀ.ನಿಂದ 10 ಕಿ.ಮೀ.ಗೆ ಇಳಿಯಿತೆಂದು ಭಾವಿಸೋಣ. ಸುಮಾರು 33 ಲೀಟರ್ ಹೆಚ್ಚು ಡೀಸೆಲ್ ಬೇಕಾಗುತ್ತದೆ. ಲೀಟರಿಗೆ 90 ರೂಪಾಯಿಯಂತೆ ಹಿಡಿದರೂ ತಿಂಗಳಿಗೆ 3,000 ರೂಪಾಯಿ. ಹಲವು ವರ್ಷ ನಂಬಿಕೆಯಿಂದ ದುಡಿದ ಚಾಲಕನ ಲೆಕ್ಕಕ್ಕೆ ಈ ಮೊತ್ತವನ್ನು ಹಚ್ಚುವ ಮೊದಲು ಹೊಗೆಕೊಳವೆಯ ಕಡೆಗೆ ಒಮ್ಮೆ ನೋಡುವುದು ನ್ಯಾಯ. ಭಾರದಲ್ಲಿ ಕಪ್ಪು ಹೊಗೆ ದಟ್ಟವಾಗಿ ಬರುತ್ತಿದ್ದರೆ, ಕಾಣೆಯಾದ ಡೀಸೆಲ್ ಪೂರ್ತಿ ಉರಿಯದೆ ಹೊಗೆಯಾಗಿಯೇ ಹೋಗುತ್ತಿರುವ ಸಾಧ್ಯತೆ ಹೆಚ್ಚು.

ಹೊಗೆಯ ಬಣ್ಣವೇ ಪರೀಕ್ಷೆಯ ಮೊದಲ ಮೆಟ್ಟಿಲು. ಕಪ್ಪು ಹೊಗೆಯೆಂದರೆ ಒಳಹೋಗುವ ಗಾಳಿಗೆ ಹೋಲಿಸಿದರೆ ಡೀಸೆಲ್ ಹೆಚ್ಚಾಗಿದೆ ಎಂದರ್ಥ: ಏರ್ ಫಿಲ್ಟರ್ ಕಟ್ಟಿರಬಹುದು, ನಾಜಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿರಬಹುದು, ಟರ್ಬೊ ಇರುವ ವಾಹನದಲ್ಲಿ ಗಾಳಿಯ ರಬ್ಬರ್ ಪೈಪು ಸೀಳಿರಬಹುದು. ನೀಲಿ ಹೊಗೆ ಇಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಬಿಳಿ ಹೊಗೆ ಚಳಿಯ ಮುಂಜಾನೆ ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆಯಿಲ್ಲ; ಇಂಜಿನ್ ಕಾದ ನಂತರವೂ ನಿಲ್ಲದಿದ್ದರೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಸಂಶಯಕ್ಕೆ ಅರ್ಹ. ಅಕ್ಕಿ ಗಿರಣಿ, ಜಿನ್ನಿಂಗ್ ಕಾರ್ಖಾನೆ, ಇಟ್ಟಿಗೆ ಭಟ್ಟಿ, ಕಲ್ಲು ಕ್ರಷರ್‌ಗಳ ಧೂಳಿನಲ್ಲಿ ಓಡಾಡುವ ವಾಹನಕ್ಕೆ ಏರ್ ಫಿಲ್ಟರನ್ನು ಕಂಪನಿಯ ಪುಸ್ತಕ ಹೇಳುವ ಅವಧಿಗಿಂತ ಬಹಳ ಮುಂಚೆಯೇ ಬಿಚ್ಚಿ ನೋಡಬೇಕಾಗುತ್ತದೆ.

ಹೊಗೆ ಹೆಚ್ಚಿಲ್ಲ, ಆದರೂ ಇಂಜಿನ್ ಒಮ್ಮೊಮ್ಮೆ ಉಸಿರುಗಟ್ಟಿದಂತೆ ತಗ್ಗಿ ಮತ್ತೆ ಏರುತ್ತದೆ ಎಂದಾದರೆ ಡೀಸೆಲ್ ಪೂರೈಕೆಯನ್ನು ನೋಡಬೇಕು. ಅತ್ಯಂತ ಹೆಚ್ಚು ಹಣ ವ್ಯರ್ಥವಾಗುವುದೂ ಇಲ್ಲಿಯೇ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲನ್ನು ಹೀರಿಕೊಳ್ಳಲಾಗುತ್ತದೆ, ತಳ್ಳಲಾಗುವುದಿಲ್ಲ. ಆದ್ದರಿಂದ ಆ ಭಾಗದಲ್ಲಿ ಜೋಡಣೆ ಸಡಿಲವಾದರೆ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ನುಗ್ಗುತ್ತದೆ. ಒದ್ದೆಯ ಗುರುತೇ ಇಲ್ಲದಿರುವುದರಿಂದ ಕಣ್ಣಿಗೆ ಏನೂ ಬೀಳದು. ಸವೆದ ಒಂದು ತಾಮ್ರದ ವಾಷರ್ ಅಥವಾ ಬಿರುಕು ಬಿಟ್ಟ ರಬ್ಬರ್ ಪೈಪು ಪಂಪನ್ನೇ ಬದಲಿಸುವಷ್ಟು ದೊಡ್ಡ ದೋಷದ ವೇಷ ತೊಡುತ್ತದೆ. ಇದನ್ನು ಪತ್ತೆ ಮಾಡುವ ಉಪಾಯ ಸರಳ. ಶುದ್ಧ ಡೀಸೆಲ್ ತುಂಬಿದ ಕ್ಯಾನನ್ನು ಇಂಜಿನ್ನಿನ ಬಳಿ ಭದ್ರವಾಗಿ ಇಟ್ಟು, ಟ್ಯಾಂಕಿನ ಪೈಪನ್ನು ಬಿಟ್ಟು ಬೇರೊಂದು ಪಾರದರ್ಶಕ ಪೈಪಿನ ಮೂಲಕ ಕ್ಯಾನಿನಿಂದಲೇ ಇಂಜಿನ್ ಓಡಿಸಬೇಕು. ದೋಷ ಮಾಯವಾದರೆ ಅದು ಟ್ಯಾಂಕ್, ಟ್ಯಾಂಕಿನೊಳಗಿನ ಜಾಲರಿ ಅಥವಾ ಹಳೆಯ ಪೈಪಿನಲ್ಲಿದೆ. ಮಾಯವಾಗದಿದ್ದರೆ, ಡೀಸೆಲ್ ಫಿಲ್ಟರ್ ಬದಲಿಸಿ, ತಳದಲ್ಲಿ ನಿಂತ ನೀರನ್ನು ಇಳಿಸಿ, ಗಾಳಿ ತೆಗೆದು ಮುಂದಕ್ಕೆ ಹೋಗಬೇಕು.

ನಡುಕ ಒಂದೇ ಸಮನೆ, ತಾಳಬದ್ಧವಾಗಿ ಇದ್ದರೆ ನಾಲ್ಕರಲ್ಲಿ ಒಂದು ಸಿಲಿಂಡರ್ ದುಡಿಯುತ್ತಿಲ್ಲವೆಂದು ತಿಳಿಯಬೇಕು. ಹಳೆಯ ಮೆಕ್ಯಾನಿಕಲ್ ಪಂಪಿನ ವಾಹನದಲ್ಲಿ ಅನುಭವಿ ಮೆಕ್ಯಾನಿಕ್ ಇಂಜಿನ್ ಓಡುತ್ತಿರುವಾಗಲೇ ಒಂದೊಂದು ನಾಜಲ್ಲಿನ ಪೈಪು ನಟ್ಟನ್ನು ಸರದಿಯಂತೆ ಸಡಿಲಿಸುತ್ತಾನೆ. ಯಾವುದನ್ನು ಸಡಿಲಿಸಿದಾಗ ಇಂಜಿನ್ ಇನ್ನಷ್ಟು ಕುಂದುತ್ತದೆಯೋ ಆ ಸಿಲಿಂಡರ್ ಸರಿಯಿದೆ; ಯಾವುದನ್ನು ಸಡಿಲಿಸಿದರೂ ವ್ಯತ್ಯಾಸವಾಗುವುದಿಲ್ಲವೋ ಅಲ್ಲಿ ದೋಷವಿದೆ. ಕಾಮನ್ ರೈಲ್ ವ್ಯವಸ್ಥೆಯ ವಾಹನದಲ್ಲಿ ಈ ಪರೀಕ್ಷೆಯನ್ನು ಎಂದಿಗೂ ಮಾಡಬಾರದು. ಅಲ್ಲಿ ಒತ್ತಡ ಸಾವಿರ ಬಾರ್ ದಾಟುವುದರಿಂದ ಡೀಸೆಲ್ ಚರ್ಮವನ್ನು ಭೇದಿಸಿ ಒಳಹೊಕ್ಕೀತು. 2017ರ ಏಪ್ರಿಲ್‌ನಿಂದ ದೇಶದಾದ್ಯಂತ ಬಿಎಸ್-4 ಕಡ್ಡಾಯವಾದ ನಂತರದ ಪಿಕಪ್‌ಗಳು ಹೆಚ್ಚಾಗಿ ಈ ಬಗೆಯವು. ಅವುಗಳಿಗೆ ಸ್ಕ್ಯಾನರ್ ಇರುವ ಗ್ಯಾರೇಜೇ ಗತಿ.

ದುರ್ಬಲ ಸಿಲಿಂಡರ್ ಗೊತ್ತಾದ ಮೇಲೂ ಇಂಜಿನ್ ಬಿಚ್ಚುವ ಕಾರಣವಿಲ್ಲ. ಮೊದಲು ಟ್ಯಾಪೆಟ್ ಅಂತರ ಸರಿಪಡಿಸಬೇಕು. ಬಳಿಕ ಆ ಸಿಲಿಂಡರಿನ ನಾಜಲ್ಲನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಬೇಕು. ದೋಷ ನಾಜಲ್ಲಿನೊಡನೆ ಸಾಗಿದರೆ ಡೀಸೆಲ್ ಪಂಪ್ ಸರ್ವಿಸ್‌ನವರ ಬೆಂಚಿನ ಮೇಲೆ ಅದರ ಒತ್ತಡ ಮತ್ತು ಸಿಂಪಡಣೆ ನೋಡಿಸಿದರೆ ಸಾಕು. ದೋಷ ಅಲ್ಲಿಯೇ ನಿಂತರೆ ಮಾತ್ರ ಕಂಪ್ರೆಶನ್ ಪರೀಕ್ಷೆ. ನಾಲ್ಕು ಸಿಲಿಂಡರುಗಳ ಅಂಕಿಗಳನ್ನೂ ಕಾಗದದ ಮೇಲೆ ಬರೆಸಿಕೊಳ್ಳುವುದು ಲೇಸು. ಅಂಕಿ ತೋರಿಸದೆ ಬೋರ್ ಕೆಲಸ ಸೂಚಿಸುವ ಗ್ಯಾರೇಜಿಗೆ ವಾಹನವನ್ನು ಒಪ್ಪಿಸದಿರುವುದೇ ಒಳಿತು.

ಇಂಜಿನ್ನಿಗೆ ಸಂಬಂಧವೇ ಇಲ್ಲದ ದೋಷಗಳೂ ಉಂಟು. ಇಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸ್ವಲ್ಪ ದೂರ ಓಡಿದ ಬಳಿಕ ಒಂದು ಚಕ್ರದ ಡ್ರಮ್ ಮಾತ್ರ ವಿಪರೀತ ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಪೆಡಲ್ ಪೂರ್ತಿ ಒತ್ತಿದರೂ ಪಂಪಿನ ಲಿವರ್ ಕೊನೆಯವರೆಗೆ ಹೋಗದಿದ್ದರೆ ಕೇಬಲ್ ಸಡಿಲವಾಗಿದೆ. ಇಂಜಿನ್ ಮೌಂಟಿಂಗ್ ರಬ್ಬರ್ ಸವೆದರೂ ಕ್ಯಾಬಿನ್ನಿನಲ್ಲಿ ಕುಳಿತವರಿಗೆ ಮಿಸ್ಸಿಂಗ್‌ನಂತೆಯೇ ಭಾಸವಾಗುತ್ತದೆ.

ಇನ್ನು ಲೆಕ್ಕಪುಸ್ತಕದ ವಿಷಯ. ಫಿಲ್ಟರ್, ನಾಜಲ್, ರಿಂಗ್, ಲೈನರುಗಳ ಖರ್ಚು ಸಾಮಾನ್ಯವಾಗಿ ಚಾಲ್ತಿ ದುರಸ್ತಿಯೆನಿಸಿ ಅದೇ ವರ್ಷದ ಲಾಭದಿಂದ ಪೂರ್ತಿ ಕಳೆಯಲ್ಪಡುತ್ತದೆ. ಇರುವ ಆಸ್ತಿಯನ್ನು ಉಳಿಸಿ ನಿರ್ವಹಿಸುವುದಕ್ಕೆ ಮಾಡಿದ ಖರ್ಚೇ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ತರುವ ಖರ್ಚು ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ. ಹೆಚ್ಚು ಸಾಮರ್ಥ್ಯದ ಬೇರೆ ಇಂಜಿನ್ ಕೂರಿಸಿದರೆ ಅದನ್ನು ಬಂಡವಾಳ ವೆಚ್ಚವೆಂದು ಪ್ರಶ್ನಿಸುವ ಅವಕಾಶವಿದೆ. ಆಗ ಸ್ವಂತ ಬಳಕೆಯ ವಾಹನಕ್ಕೆ ವರ್ಷಕ್ಕೆ ಶೇಕಡ 15ರ ಸವಕಳಿ ಮಾತ್ರ ದೊರೆಯುತ್ತದೆ. ಗ್ಯಾರೇಜಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಖರ್ಚಿಗೇ ಮಾನ್ಯತೆ ತಪ್ಪುವ ಭಯವಿದೆ. ಜಿಎಸ್‌ಟಿ ನೋಂದಣಿಯುಳ್ಳವರು ತೆರಿಗೆಗೆ ಒಳಪಟ್ಟ ವ್ಯವಹಾರಕ್ಕೆ ಬಳಸುವ ಸರಕು ವಾಹನದ ದುರಸ್ತಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಇದಕ್ಕಿರುವ ತಡೆ ಪ್ರಯಾಣಿಕ ವಾಹನಗಳಿಗೆ ಸಂಬಂಧಿಸಿದ್ದು. ಆದರೆ ಬಿಳಿ ಚೀಟಿಯ ಮೇಲೆ ಬರೆದುಕೊಟ್ಟ ಮೊತ್ತಕ್ಕೆ ಯಾವ ಜಮೆಯೂ ಇಲ್ಲ. ಬಿಲ್ಲಿನಲ್ಲಿ ವಾಹನದ ನೋಂದಣಿ ಸಂಖ್ಯೆ, ಓಡಿದ ಕಿ.ಮೀ. ಮತ್ತು ಬದಲಿಸಿದ ಭಾಗಗಳ ಹೆಸರು ಬೇರೆಬೇರೆಯಾಗಿ ಇರುವಂತೆ ನೋಡಿಕೊಂಡು, ತೆಗೆದ ಹಳೆಯ ಭಾಗಗಳನ್ನೂ ಕೇಳಿ ತರುವುದು ರೂಢಿಯಾಗಬೇಕು. ಮುಂದಿನ ಬಾರಿ ಅದೇ ದೂರು ಬಂದಾಗ ಮೆಕ್ಯಾನಿಕ್ ಎಲ್ಲಿಂದ ಆರಂಭಿಸಬೇಕೆಂಬುದು ಆ ಬಿಲ್ಲಿನಲ್ಲಿಯೇ ಸಿಗುತ್ತದೆ.