ಹೇಮಾಡಪಂತಿ ಎಂಬ ಒಂದು ಮಾತು: ನಮ್ಮ ಸೀಮೆಯ ಹಳೆಯ ಕಲ್ಲುಗಳ ಅಧ್ಯಯನ



ನಮ್ಮ ಉಮರಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಯಾವುದಾದರೂ ಹಳೆಯ ಕಲ್ಲುಗುಡಿಯನ್ನು ತೋರಿಸಿ ಕೇಳಿದರೆ ಬರುವ ಉತ್ತರ ಒಂದೇ: "ಇದು ಹೇಮಾಡಪಂತಿ." ರೈತರೂ ಹಾಗೆನ್ನುತ್ತಾರೆ, ಶಾಲೆಯ ಮಾಸ್ತರರೂ ಹಾಗೆನ್ನುತ್ತಾರೆ. ಈ ಸಲದ ಪಾಠವನ್ನು ಈ ಒಂದು ಮಾತಿನಿಂದಲೇ ಆರಂಭಿಸೋಣ. ಹೆಸರಿನಲ್ಲಿ ಏನಿದೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಪರಂಪರೆಯ ವಿಷಯದಲ್ಲಿ ಹೆಸರು ಪಡೆದದ್ದು ಸರಕಾರದ ಪಟ್ಟಿ ಸೇರುತ್ತದೆ, ಪಟ್ಟಿ ಸೇರಿದ್ದಕ್ಕೆ ಕಾವಲು ಸಿಗುತ್ತದೆ. ಉಳಿದದ್ದು ಎಷ್ಟೋ ಸಲ ಯಾರದೋ ಮನೆಯ ಬುನಾದಿಗೆ ಹೋಗುತ್ತದೆ.

ಹೇಮಾದ್ರಿ ಪಂಡಿತನು ದೇವಗಿರಿಯ ಯಾದವ ಅರಸರಾದ ಮಹಾದೇವ ಮತ್ತು ರಾಮಚಂದ್ರರ ಮಂತ್ರಿ. ಮಹಾದೇವನು ಪಟ್ಟಕ್ಕೆ ಬಂದದ್ದು ಕ್ರಿ.ಶ. 1261ರಲ್ಲಿ. ಸುಣ್ಣವಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ ಗುಡಿಗಳೆಲ್ಲ ಅವನವೇ ಎಂದು ಜನ ನಂಬಿದರು. ಆದರೆ ಉಮರಗಾದ ಮಹಾದೇವ ಗುಡಿಯ ಕಂಬಗಳನ್ನು, ನಿಲಂಗಾದ ನೀಲಕಂಠೇಶ್ವರ ಗುಡಿಯ ಮೂರು ಗರ್ಭಗುಡಿಗಳನ್ನು ಮತ್ತು ಅಲ್ಲಿನ ಹರ-ಗೌರಿಯ ಮೂರ್ತಿಯನ್ನು ನಿಂತು ನೋಡಿರಿ. ಆ ಶಿಲ್ಪದ ರೀತಿ ಕಲ್ಯಾಣ ಚಾಲುಕ್ಯರದು. ಹೇಮಾದ್ರಿ ಅಧಿಕಾರಕ್ಕೆ ಬರುವ ಅರವತ್ತು ವರ್ಷ ಮೊದಲೇ ಕಲ್ಯಾಣದ ಆ ರಾಜ್ಯ ಮುಗಿದಿತ್ತು. ಎಂದರೆ ಅದಕ್ಕೂ ಹಿಂದಿನಿಂದ ಬಂದ ಕಟ್ಟಡ ವಿದ್ಯೆಗೆ ನಾವು ಒಬ್ಬ ಮಂತ್ರಿಯ ಹೆಸರು ಅಂಟಿಸಿಕೊಂಡಿದ್ದೇವೆ.

ಈ ಗೊಂದಲವನ್ನು ಪಂಡಿತರೂ ಬೆಳೆಸಿದರು. ಇಂಗ್ಲಿಷರ ಕಾಲದ ಪುರಾತತ್ವ ಅಧಿಕಾರಿ ಹೆನ್ರಿ ಕಸಿನ್ಸ್ 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಮೇಲೆ ಒಂದು ಗ್ರಂಥ ಬರೆದರು, 1931ರಲ್ಲಿ ದಖ್ಖನಿನ ಮಧ್ಯಯುಗದ ಗುಡಿಗಳ ಮೇಲೆ ಇನ್ನೊಂದು. ಇಂದಿನ ಭಾಷೆಯ ಗಡಿಯಂತೆ ಗುಡಿಗಳೂ ಎರಡು ಪುಸ್ತಕಗಳಲ್ಲಿ ಪಾಲಾದವು. ಬಂಡೆ ಕಡಿದ ಕಲ್ಲುಕುಟಿಗನಿಗೆ ಈ ಗಡಿ ಗೊತ್ತಿರಲಿಲ್ಲ!

ಮುಂದೆ ರಾಜಕೀಯದ ಗಡಿಯೂ ಬಂತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಭಾಲ್ಕಿ, ಹುಮನಾಬಾದ, ಬೀದರ ಮೈಸೂರಿಗೆ ಹೋದವು. ಎರಡೇ ವರ್ಷಕ್ಕೆ, 1958ರಲ್ಲಿ, ಪಿ. ಬಿ. ದೇಸಾಯಿಯವರ ಶಾಸನ ಸಂಪುಟ ಹೈದರಾಬಾದಿನಲ್ಲಿ ಅಚ್ಚಾಯಿತು. ಅದರ ಹೆಸರೇ ಹೈದರಾಬಾದ್ ರಾಜ್ಯದ "ಕನ್ನಡ ಜಿಲ್ಲೆಗಳ" ಶಾಸನಗಳು ಎಂದು. ಗಡಿಯ ಈಚೆ ಉಳಿದ ಊರುಗಳ ಕನ್ನಡ ಶಾಸನಗಳನ್ನು ಆಮೇಲೆ ಬೇರೆ ಬೇರೆ ವಿದ್ವಾಂಸರು ಹುಡುಕಬೇಕಾಯಿತು. ಶ್ರೀನಿವಾಸ ರಿತ್ತಿ ಮತ್ತು ಶೇಳಕೆಯವರು 1968ರಲ್ಲಿ ನಾಂದೇಡ ಜಿಲ್ಲೆಯ ಶಾಸನಗಳನ್ನು, ಅದೇ ರಿತ್ತಿಯವರು ಆನಂದ ಕುಂಭಾರರೊಡನೆ 1988ರಲ್ಲಿ ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನು ಹೊರತಂದರು. ದೇಗಲೂರು ತಾಲೂಕಿನ ಹೊಟ್ಟಲದ ಗುಡಿಗಳಲ್ಲಿ ಕನ್ನಡ ಅಕ್ಷರವಿದೆ ಎಂಬುದು ಇಂಥ ದುಡಿಮೆಯಿಂದಲೇ ಹತ್ತು ಜನಕ್ಕೆ ತಿಳಿಯಿತು.

ಇದರಿಂದ ನಮಗೇನು ಎಂದು ವ್ಯಾಪಾರಸ್ಥ ಬಂಧುಗಳು ಕೇಳಬಹುದು. ಅದಕ್ಕೆ ಒಂದು ಉದಾಹರಣೆ ಸಾಕು. ಬಸವಣ್ಣನವರ ಬದುಕನ್ನು ನಾವು ಹೆಚ್ಚಾಗಿ ಪುರಾಣ, ಕಾವ್ಯಗಳಿಂದ ತಿಳಿದವರು. ಕಲ್ಲಿನ ಸಾಕ್ಷಿ ಬಹಳ ಕಡಿಮೆ. ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ದೊರೆತ 1260ರ ಶಾಸನವು ಅವರ ವಂಶವನ್ನು ಹೇಳುತ್ತದೆ. ಅದು ಯಾವ ಅರಸನ ಕಾಲದ್ದು? ದೇವಗಿರಿಯ ಯಾದವ ಅರಸ ಕನ್ನರನ ಕಾಲದ್ದು. ಮರಾಠಿ ಅರಸರೆಂದು ಶಾಲೆಯಲ್ಲಿ ಓದುವ ಆ ಮನೆತನದ ನೂರಾರು ಶಾಸನಗಳು ಕನ್ನಡದಲ್ಲಿವೆ. ಅರ್ಜುನವಾಡದ ಆ ಕಲ್ಲನ್ನು ಯಾರಾದರೂ ಮೆಟ್ಟಿಲು ಮಾಡಿ ಹಾಸಿದ್ದರೆ ಏನಾಗುತ್ತಿತ್ತು, ಯೋಚಿಸಿರಿ.

ಹಾಗೆಂದು ಈ ಕಲ್ಲುಗಳನ್ನು ತೋರಿಸಿ "ಇದು ಕನ್ನಡದ್ದು, ನಿಮ್ಮದಲ್ಲ" ಎಂದು ನೆರೆಯವರೊಡನೆ ವಾದಕ್ಕೆ ನಿಲ್ಲುವುದು ನಮಗೆ ಒಪ್ಪುವ ಮಾತಲ್ಲ. ನಮ್ಮ ಮನೆಗಳಲ್ಲಿಯೇ ಎರಡು ಭಾಷೆಗಳಿವೆ. ಕಪಿಲಧಾರದ ಮನ್ಮಥಸ್ವಾಮಿಗಳು "ಪರಮರಹಸ್ಯ"ವನ್ನು ಬರೆದದ್ದು ಮರಾಠಿಯಲ್ಲಿ. ನಿಜಗುಣ ಶಿವಯೋಗಿಗಳ "ವಿವೇಕಚಿಂತಾಮಣಿ" 1604ರಲ್ಲಿಯೇ ಮರಾಠಿಗೆ ಬಂತು. ಉರಿಲಿಂಗಪೆದ್ದಿಗಳು ಕಂಧಾರದವರು, ಸಿದ್ಧರಾಮರು ಸೊನ್ನಲಿಗೆಯವರು. ಅವರು ವಚನ ಹೇಳಿದ್ದು ಕನ್ನಡದಲ್ಲಿ, ಆ ಊರುಗಳು ಇಂದು ಇರುವುದು ಮಹಾರಾಷ್ಟ್ರದಲ್ಲಿ.

ಇನ್ನು ಕಾನೂನಿನ ಮಾತು. 1958ರ ಕೇಂದ್ರ ಕಾಯ್ದೆ, 1960ರ ಮಹಾರಾಷ್ಟ್ರ ಕಾಯ್ದೆ, ಇವೆರಡೂ ಮುಖ್ಯವಾಗಿ ರಕ್ಷಿಸುವುದು ಅಧಿಸೂಚನೆ ಹೊರಡಿಸಿ ಪಟ್ಟಿಗೆ ಸೇರಿಸಿದ ಸ್ಮಾರಕಗಳನ್ನು. ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕವನ್ನು ಕೆಡಿಸಿದರೆ, 2010ರ ತಿದ್ದುಪಡಿಯ ಮೇಲೆ, ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಆದರೆ ನಿಮ್ಮ ಊರ ಹನುಮಪ್ಪನ ಗುಡಿಯ ಹಿಂದೆ ಬಿದ್ದಿರುವ ವೀರಗಲ್ಲು ಯಾವ ಪಟ್ಟಿಯಲ್ಲಿ ಇರುತ್ತದೆ? ಬಾವಿ ತೋಡುವಾಗ, ಹೊಲ ಉಳುವಾಗ ನೆಲದೊಳಗಿಂದ ಬೆಲೆಯುಳ್ಳದ್ದು ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳುತ್ತದೆ. ಅದರಲ್ಲಿ ಬರೆದ ಮಿತಿ ಹತ್ತು ರೂಪಾಯಿ! 1972ರ ಕಾಯ್ದೆಯ ಪ್ರಕಾರ ನೂರು ವರ್ಷ ಹಳೆಯ ಮೂರ್ತಿ ಪುರಾವಸ್ತು. ಮಹತ್ವದ ಹಸ್ತಪ್ರತಿ, ದಾಖಲೆಗಳಾದರೆ ಎಪ್ಪತ್ತೈದು ವರ್ಷ ಸಾಕು. ಜಗುಲಿಯ ಮೇಲೆ ಪೂಜೆಗೊಳ್ಳುವ ವಚನದ ತಾಡೋಲೆಯ ಕಟ್ಟೂ ಇದರಲ್ಲಿ ಬರುತ್ತದೆ. ಫ. ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ಕೂಡಿಸಿ 1923ರಲ್ಲಿ "ವಚನಶಾಸ್ತ್ರಸಾರ"ವನ್ನು ಅಚ್ಚು ಮಾಡಿಸಿದ್ದು ಇಂಥ ಕಟ್ಟುಗಳಿಂದಲೇ. ಪೂಜೆ ನಡೆಯಲಿ, ಆದರೆ ವರ್ಷಕ್ಕೊಮ್ಮೆ ಬಿಚ್ಚಿ ನೋಡಿರಿ. ಗೆದ್ದಲಿಗೆ ಭಕ್ತಿ ಗೊತ್ತಿಲ್ಲ.

ನಮ್ಮ ಸೀಮೆಯ ದೊಡ್ಡ ಗಾಯವನ್ನು ಬಿಟ್ಟು ಈ ಪಾಠ ಪೂರ್ತಿಯಾಗದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರ ಭಾಗ ನಡುಗಿ ಸುಮಾರು ಹತ್ತು ಸಾವಿರ ಜೀವ ಹೋದವು. ಕೊಂದದ್ದು ಕಲ್ಲು ಎಂದು ಜನ ಹೆದರಿದರು. ನಿಜವಾಗಿ ಕೊಂದದ್ದು ಕೆಸರಿನಲ್ಲಿ ಇಟ್ಟ ಗುಂಡುಗಲ್ಲಿನ ದಪ್ಪ ಗೋಡೆ. ಒಳಮೈ ಹೊರಮೈಗಳನ್ನು ಕಟ್ಟಿ ಹಿಡಿಯುವ ಉದ್ದ ಕಲ್ಲು ಅದರಲ್ಲಿ ಇರಲಿಲ್ಲ. ಮೇಲೆ ಮಣ್ಣಿನ ಮಾಳಿಗೆಯ ಭಾರ ಬೇರೆ. ಆಮೇಲೆ 52 ಊರುಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಮನೆಯ ಅಳತೆ ಲೆಕ್ಕಕ್ಕೆ ಬಂತು, ಗದ್ದುಗೆ, ಕಟ್ಟೆ, ಓಣಿಗಳ ನೆನಪು ಲೆಕ್ಕದ ಹೊರಗೆ ಉಳಿಯಿತು. ಜೀವ ಮೊದಲು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನೆಲ ಬಿಡುವಾಗಲೂ ದಾರಿ ಇರುತ್ತದೆ. ಕೂಡಲಸಂಗಮಕ್ಕೆ ಹೋದವರು ನೋಡಿದ್ದೀರಿ, ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಬಂದರೂ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ ಅದನ್ನು ಇದ್ದಲ್ಲಿಯೇ ಉಳಿಸಿದ್ದಾರೆ.

ಇಂದಿನ ಅಪಾಯ ಭೂಕಂಪವಲ್ಲ, ಜೀರ್ಣೋದ್ಧಾರ. ಊರಿನವರು ವಂತಿಗೆ ಕೂಡಿಸಿ ಭಕ್ತಿಯಿಂದಲೇ ಹಳೆಯ ಗುಡಿಗೆ ಎಣ್ಣೆಬಣ್ಣ ಬಳಿಸುತ್ತಾರೆ, ನೆಲಕ್ಕೆ ಗ್ರಾನೈಟು ಹಾಕಿಸುತ್ತಾರೆ, ಅಕ್ಷರವಿದ್ದ ಕಂಬಕ್ಕೆ ಸಿಮೆಂಟು ಮೆತ್ತಿಸುತ್ತಾರೆ. ಹುಮನಾಬಾದ ತಾಲೂಕಿನ ಜಲಸಂಗ್ವಿಯ ಗುಡಿಯ ಗೋಡೆಯ ಮೇಲೆ ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತ ನಿಂತ ಹೆಣ್ಣಿನ ಶಿಲ್ಪವಿದೆ. ಅವಳ ಕೈಯ ಅಕ್ಷರದ ಮೇಲೆ ಎರಡು ಕೋಟು ಬಣ್ಣ ಬಿದ್ದಿದ್ದರೆ ಅವಳು ಏನು ಬರೆಯುತ್ತಿದ್ದಾಳೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಆದುದರಿಂದ ನಿಮ್ಮ ಊರಿನಲ್ಲಿ ಗುಡಿಯ ಕೆಲಸ ಎತ್ತಿಕೊಳ್ಳುವ ಮೊದಲು ಕಂಬ, ತೊಲೆ, ಮೆಟ್ಟಿಲು, ಬಾವಿಕಟ್ಟೆಗಳನ್ನು ಒಂದು ಸಲ ತಿರುಗಿ ನೋಡಿರಿ. ಮುಂಜಾನೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಅಕ್ಷರವೂ ಕಾಣುತ್ತದೆ. ಆಗಲೇ ಫೋಟೋ ತೆಗೆದು, ಕಲ್ಲು ಎಲ್ಲಿದೆ ಎಂದು ಬರೆದಿಡಿರಿ. ತಂತಿಯ ಬ್ರಷ್ಷಿನಿಂದ ತಿಕ್ಕುವುದು, ಆ್ಯಸಿಡ್ ಹಾಕುವುದು ಬೇಡ. ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗವು ಮೈಸೂರಿನಲ್ಲಿದೆ. ಅಲ್ಲಿಗೆ ಚಿತ್ರದೊಡನೆ ಪತ್ರ ಬರೆಯಬಹುದು. ಶಾಸನ ತಿಳಿದವರು ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬ್ರಷ್ಷಿನಿಂದ ಮೆಲ್ಲಗೆ ಬಡಿದು, ಮಸಿಯೊತ್ತಿ ಅಚ್ಚು ತೆಗೆಯುತ್ತಾರೆ. ಅದರಿಂದ ಕಲ್ಲಿಗೆ ಏನೂ ಆಗುವುದಿಲ್ಲ, ಪೂಜೆಯನ್ನೂ ನಿಲ್ಲಿಸಬೇಕಾಗಿಲ್ಲ.